ಪಚ್ಚಿಲೆ ಚಿಪ್ಪಿನ ಮೇಲಿನ ಬಿಳಿ ಕೊಳವೆ ಯಾರ ಮನೆ? ಕಡಲ ಕೊಳವೆಹುಳು ಗುರುತಿಸುವ ಬಗೆ

ಪಚ್ಚಿಲೆ (ಬಂಡೆಗೆ ಅಂಟಿ ಬೆಳೆಯುವ, ನಾವು ತಿನ್ನುವ ಎರಡು ಚಿಪ್ಪಿನ ಕಡಲಜೀವಿ) ತಂದು ತೊಳೆಯುವಾಗ ಚಿಪ್ಪಿನ ಮೇಲೆ ಬಿಳಿ ಪೈಪಿನಂಥದ್ದು ಅಂಟಿಕೊಂಡಿರುತ್ತದೆ. ಅಂಕುಡೊಂಕು, ಸುಣ್ಣದ ಹಾಗೆ ಗಟ್ಟಿ, ಚಾಕುವಿನಿಂದ ಕೆರೆದರೂ ಸುಲಭಕ್ಕೆ ಬಿಡುವುದಿಲ್ಲ. ಅದರ ಫೋಟೋ ಕಳಿಸಿ "ಇದು ಹವಳವಾ, ಶಂಖವಾ, ಹುಳುವಾ?" ಎಂದು ಕೇಳುವವರು ಜಾಸ್ತಿ ಆಗಿದ್ದಾರೆ. ಕಡಲ ಜೀವವಿಜ್ಞಾನ ಓದುವ ಮಕ್ಕಳು ಇನ್ನೊಂದು ಪ್ರಶ್ನೆ ಸೇರಿಸುತ್ತಾರೆ: "ಹೆಸರು ಬರೆಯುವುದು ಹೇಗೆ?"

ಚಿಕ್ಕ ಉತ್ತರ: ಅದು ಹುಳು ಕಟ್ಟಿಕೊಂಡ ಮನೆ. ಎರೆಹುಳು, ಜಿಗಣೆಗಳ ದೂರದ ನೆಂಟ. ಚಿಪ್ಪಿನ ಹೊರಮೈಗೆ ಮಾತ್ರ ಅಂಟಿರುತ್ತದೆ, ಒಳಗಿನ ಮಾಂಸಕ್ಕೆ ಹೋಗುವುದಿಲ್ಲ. ಉದ್ದ ಉತ್ತರ ಬೇಕಾದವರು ಮುಂದೆ ಓದಿ. ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಈ ಲೇಖನ ನಿಮ್ಮನ್ನು ಕುಟುಂಬದ (ಹುಳುವಿನ ದೊಡ್ಡ ಬಳಗದ) ತನಕ ಕರೆದುಕೊಂಡು ಹೋಗುತ್ತದೆ, ಪ್ರಭೇದದ (ಒಂದೊಂದು ಬಗೆಯ ಸ್ವಂತ ಹೆಸರಿನ) ತನಕ ಅಲ್ಲ. ಯಾಕೆ ಅಂತ ಆರನೇ ಹಂತದಲ್ಲಿ ಗೊತ್ತಾಗುತ್ತದೆ.

ಏನೇನು ಬೇಕು

ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ, ಬಿಳಿ ಬಣ್ಣದ ಅಗಲ ತಟ್ಟೆ, ಚೂಪು ತುದಿಯ ಚಿಮಟ, ಒಂದು ಬಾಟಲಿ ಸಮುದ್ರದ ನೀರು, ಅಡುಗೆಮನೆಯ ಬಿಳಿ ವಿನೆಗರ್, ಪೆನ್ಸಿಲ್, ನೋಟ್‌ಬುಕ್, ಫೋನ್. ಸೂಕ್ಷ್ಮದರ್ಶಕ ಇದ್ದರೆ ಒಳ್ಳೆಯದು, ಇಲ್ಲದಿದ್ದರೂ ಅರ್ಧ ದಾರಿ ಹೋಗಬಹುದು. ಹವಾಯಿ ಚಪ್ಪಲಿ ಹಾಕಿಕೊಂಡು ಪಾಚಿ ಬಂಡೆ ಹತ್ತಬೇಡಿ. ಹಿಡಿತ ಇರುವ ಶೂ ಬೇಕು.

ಹೋಗುವ ದಿನವೂ ಮುಖ್ಯ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಇಳಿತ ಜೋರಾಗಿರುತ್ತದೆ, ಬಂಡೆಯ ಕೆಳಭಾಗವೂ ಬಯಲಾಗುತ್ತದೆ. ನೀರು ಪೂರ್ತಿ ಇಳಿಯುವ ಒಂದು ಗಂಟೆ ಮೊದಲೇ ಅಲ್ಲಿರಿ. ಉಬ್ಬರ ಶುರುವಾದ ಮೇಲೆ "ಇನ್ನೊಂದೇ ಫೋಟೋ" ಎಂದು ನಿಲ್ಲಬೇಡಿ.

ಕಾನೂನಿನ ಮಾತೂ ಒಂದಿದೆ. ಬಂಡೆಹವಳ ನಮ್ಮ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯಲ್ಲಿದೆ. ಕೆಲವು ಕೊಳವೆಹುಳುಗಳು ಜೀವಂತ ಹವಳದ ಒಳಗೇ ಮನೆ ಮಾಡಿರುತ್ತವೆ. ಅವನ್ನು ಫೋಟೋದಲ್ಲಿ ಮಾತ್ರ ತನ್ನಿ. ಹವಳದ ಒಂದು ಚೂರನ್ನೂ ಮುರಿಯಬೇಡಿ.

ಹಂತ 1: ಇದು ಹುಳುವೇ ಎಂದು ಖಚಿತ ಮಾಡಿಕೊಳ್ಳಿ

ಜಾಸ್ತಿ ಜನ ಎಡವುವುದು ಇಲ್ಲೇ. ಕೊಳವೆ ಕಟ್ಟುವ ಪ್ರಾಣಿಗಳೆಲ್ಲ ಹುಳುಗಳಲ್ಲ.

ಅತಿ ದೊಡ್ಡ ಮೋಸಗಾರ ವರ್ಮೆಟಿಡ್ ಎಂಬ ಬಸವನಹುಳು. ಹೆಸರಿನಲ್ಲಿ ಹುಳು ಇದ್ದರೂ ಇದು ಶಂಖದ ಬಳಗದ್ದು. ಮರಿಯಾಗಿದ್ದಾಗ ಎಲ್ಲ ಶಂಖಗಳ ಹಾಗೆ ಸುರುಳಿಯಾಗಿ ಬೆಳೆದು, ಆಮೇಲೆ ಬಂಡೆಗೆ ಅಂಟಿ ಅಡ್ಡಾದಿಡ್ಡಿ ಕೊಳವೆಯಾಗುತ್ತದೆ. ಒಡೆದ ಕೊಳವೆಯ ಒಳಮೈ ನೋಡಿ. ಪಿಂಗಾಣಿ ಬಟ್ಟಲಿನ ಹಾಗೆ ನುಣುಪಾಗಿ ಹೊಳೆಯುತ್ತಿದ್ದರೆ ಬಸವನಹುಳು ಇರಬಹುದು. ಸೀಮೆಸುಣ್ಣದ ಹಾಗೆ ಮಂಕಾಗಿದ್ದರೆ ಹುಳುವಿನದ್ದು. ಇನ್ನೊಂದು ವ್ಯತ್ಯಾಸ ಇದೆ. ಬಸವನಹುಳುವಿನ ಮೈ ಸ್ನಾಯುವಿನಿಂದ ಚಿಪ್ಪಿಗೆ ಬೆಸೆದಿರುತ್ತದೆ. ಹುಳು ಹಾಗಲ್ಲ, ತನ್ನ ಕೊಳವೆಯೊಳಗೆ ಬಾಡಿಗೆದಾರನ ಹಾಗೆ ಸಡಿಲವಾಗಿರುತ್ತದೆ, ಬೇಕಾದಾಗ ಕೊಕ್ಕೆ ಹಾಕಿ ಹಿಡಿದುಕೊಳ್ಳುತ್ತದೆ.

ಹಳೇ ದೋಣಿಯ ಮರದೊಳಗೆ ಸುಣ್ಣ ಬಳಿದ ಸುರಂಗ ಕಂಡರೆ ಅದು ಮರಕೊರಕ. ಇಂಗ್ಲಿಷಿನಲ್ಲಿ 'ಶಿಪ್‌ವರ್ಮ್' ಎಂದರೂ ಅದು ಪಚ್ಚಿಲೆಯ ಹಾಗೆ ಎರಡು ಚಿಪ್ಪಿನ ಮೃದ್ವಂಗಿ. ಮರಳಿನಲ್ಲಿ ಸಿಗುವ, ಆನೆದಂತದ ಆಕಾರದ ಬಿಳಿ ಚಿಪ್ಪೂ ಮೃದ್ವಂಗಿಯೇ. ಮೆತ್ತನೆ, ನಾರಿನಂಥ ಕೊಳವೆಯಿಂದ ಉದ್ದ ಎಳೆಗಳು ಹೊರಗೆ ಹರಡಿದ್ದು, ಮುಟ್ಟಿದರೆ ಅಂಟುತ್ತಿದ್ದರೆ ಅದು ಕೊಳವೆ ಅನಿಮೋನ್, ಹವಳದ ಕಡೆಯ ನೆಂಟ.

ಹಂತ 2: ಮನೆ ಯಾವುದರಿಂದ ಕಟ್ಟಿದೆ, ನೋಡಿ

ಹುಳುವನ್ನು ಹೊರಗೆ ಎಳೆಯುವ ಆತುರ ಬೇಡ. ಕೊಳವೆಯೇ ಅರ್ಧ ಗುರುತು ಹೇಳುತ್ತದೆ.

ಸುಣ್ಣದ್ದೋ ಅಲ್ಲವೋ ಎಂದು ತಿಳಿಯಲು ಕೊಳವೆಯ ಖಾಲಿ ಚೂರೊಂದನ್ನು ಮುರಿದು ಅದರ ಮೇಲೆ ಒಂದು ಹನಿ ವಿನೆಗರ್ ಹಾಕಿ. ಗುಳ್ಳೆ ಬಂದರೆ ಸುಣ್ಣ. ಜೀವಂತ ಹುಳು ಇರುವ ಕೊಳವೆಗೆ ಹಾಕಬೇಡಿ. ಮರಳಿನ ಕೊಳವೆಯಲ್ಲಿ ಚಿಪ್ಪಿನ ಪುಡಿ ಸೇರಿದ್ದರೆ ಅದೂ ಗುಳ್ಳೆ ಬಿಡುತ್ತದೆ. ಹಾಗಾಗಿ ಮೊದಲು ಭೂತಗನ್ನಡಿ, ಆಮೇಲೆ ವಿನೆಗರ್.

ಸುಣ್ಣದ ಕೊಳವೆ ಕಟ್ಟುವ ಹುಳುವಿಗೆ ಕತ್ತಿನ ಸುತ್ತ ಚರ್ಮದ ಕಾಲರ್ ಇರುತ್ತದೆ. ಅದರ ಕೆಳಗಿನ ಒಂದು ಜೊತೆ ಗ್ರಂಥಿಗಳಿಂದ ಸುಣ್ಣ ಮತ್ತು ಲೋಳೆ ಬೆರೆತ ಗಾರೆ ಬರುತ್ತದೆ. ಕಾಲರನ್ನು ಕೊಳವೆಯ ಬಾಯಿಯ ಮೇಲೆ ಮಡಚಿ ಅದನ್ನು ಬಳಿಯುತ್ತದೆ. ಒಂದು ಸುತ್ತು ಆದ ಮೇಲೆ ಇನ್ನೊಂದು ಸುತ್ತು. ಹೊರಗೆ ಕಾಣುವ ಉಂಗುರದಂಥ ಗೆರೆಗಳು ಹೀಗೆ ಬಂದವು.

ಮರಳಿನ ಮನೆಯವರ ಕೆಲಸ ಇನ್ನೂ ಚೆಂದ. ಸೆಬೆಲೇರಿಯಾ ಎಂಬ ಹುಳು ಅಲೆಯಲ್ಲಿ ತೇಲಿ ಬರುವ ಮರಳಿನ ಕಣವನ್ನು ಹಿಡಿದು, ಬಾಯಿಯ ಹತ್ತಿರದ ಅಂಗದಲ್ಲಿ ತಿರುಗಿಸಿ ನೋಡಿ, ಹೊಂದುವುದಾದರೆ ಅಂಟು ಚುಕ್ಕೆ ಇಟ್ಟು ಕೂರಿಸುತ್ತದೆ. ನೀರೊಳಗೇ ಹಿಡಿಯುವ ಪ್ರೋಟೀನ್ ಅಂಟು ಅದು. ಇದೇ ಬಳಗದ ಕ್ಯಾಲಿಫೋರ್ನಿಯಾದ ಹುಳುವಿನ ಅಂಟನ್ನು ನೋಡಿಕೊಂಡು, ಒದ್ದೆ ಮೂಳೆಯನ್ನು ಜೋಡಿಸುವ ಅಂಟು ಮಾಡಲು ಸಂಶೋಧಕರು ಕೆಲಸ ಮಾಡಿದ್ದಾರೆ. ಸಾವಿರಾರು ಹುಳುಗಳು ಒತ್ತೊತ್ತಾಗಿ ಕಟ್ಟಿದರೆ ಜೇನುಗೂಡಿನಂಥ ಮರಳಿನ ದಿಬ್ಬವೇ ಆಗುತ್ತದೆ. ಫ್ರಾನ್ಸಿನ ಮೊಂ-ಸೇಂ-ಮಿಶೆಲ್ ಕೊಲ್ಲಿಯಲ್ಲಿ ಇಂಥ ದೊಡ್ಡ ದಿಬ್ಬಗಳಿವೆ. ನಮ್ಮ ಪಶ್ಚಿಮ ಕರಾವಳಿಯ ಬಂಡೆಗಳಲ್ಲೂ ಈ ಬಳಗದ ಹುಳುಗಳಿವೆ. ಒಣ ಮರಳಿನ ಹೆಪ್ಪು ಎಂದುಕೊಂಡು ಅದರ ಮೇಲೆ ಕಾಲಿಡಬೇಡಿ.

ಪೆಕ್ಟಿನೇರಿಯಾದ ಮನೆ ಐಸ್‌ಕ್ರೀಮ್ ಕೋನ್ ಥರ. ಒಂದೇ ಪದರ ಮರಳು, ಕಣದ ಪಕ್ಕ ಕಣ, ಕಲ್ಲುಗಾರ ಜೋಡಿಸಿದ ಹಾಗೆ. ಎರಡೂ ತುದಿ ತೆರೆದಿರುತ್ತದೆ. ಯಾವುದಕ್ಕೂ ಅಂಟಿರುವುದಿಲ್ಲ. ಹುಳು ಮರಳೊಳಗೆ ತಲೆಕೆಳಗಾಗಿ ನಿಂತು, ಹೋದಲ್ಲೆಲ್ಲ ಮನೆಯನ್ನು ಹೊತ್ತುಕೊಂಡು ಹೋಗುತ್ತದೆ.

ಕೆಸರು-ಮರಳು ಕಡಲತೀರದಲ್ಲಿ ನೀರು ಇಳಿದಾಗ ಚಿಪ್ಪಿನ ಚೂರು, ಪಾಚಿ, ಕಸಕಡ್ಡಿ ಅಂಟಿಸಿಕೊಂಡ ಮೆತ್ತನೆ ನಳಿಗೆ ತಲೆ ಎತ್ತಿ ನಿಂತಿರುವುದನ್ನು ನೋಡಿರಬಹುದು. ಕಸ ಎಂದು ದಾಟಿ ಹೋಗುತ್ತೇವೆ, ಅಲ್ವಾ? ಅದು ಡಯೊಪಾಟ್ರಾ ಹುಳುವಿನ ಬಾಗಿಲು.

ಇನ್ನು ಕಾಗದದ ಹಾಗೆ ತೆಳ್ಳಗೆ, ಮಾಸಲು ಬಿಳಿ ಕೊಳವೆ ಸಿಕ್ಕರೆ ಕೀಟಾಪ್ಟೆರಸ್ ಇರಬಹುದು. ರಬ್ಬರ್ ನಳಿಗೆಯ ಹಾಗೆ ಬಳುಕುವ ಕೆಸರಿನ ಕೊಳವೆಯಾದರೆ ಸೆಬೆಲಿಡ್ ಎಂಬ ಬಳಗದ ಹುಳು.

ಹಂತ 3: ನೀರಿಗೆ ಹಾಕಿ, ಸುಮ್ನೆ ಕೂತು ನೋಡಿ

ತಟ್ಟೆಯಲ್ಲಿ ಸಮುದ್ರದ ನೀರು ಹಾಕಿ, ಕೊಳವೆ ಇರುವ ಚಿಪ್ಪನ್ನು ಅದರಲ್ಲಿಟ್ಟು ನೆರಳಿಗೆ ತನ್ನಿ. ನಲ್ಲಿ ನೀರು ಹಾಕಿದರೆ ಹುಳು ಸಾಯುತ್ತದೆ. ಹತ್ತು ಹದಿನೈದು ನಿಮಿಷ ಕಾಯಿರಿ. ತಟ್ಟೆಯ ಮೇಲೆ ಬಗ್ಗಬೇಡಿ. ಇವುಗಳ ಗರಿಯಲ್ಲಿ ಬೆಳಕು ಗುರುತಿಸುವ ಚುಕ್ಕೆಗಳಿರುತ್ತವೆ. ನಿಮ್ಮ ನೆರಳು ಬಿದ್ದರೆ ಕಣ್ಣುಮುಚ್ಚಿ ತೆಗೆಯುವಷ್ಟರಲ್ಲಿ ಒಳಗೆ ಹೋಗಿಬಿಡುತ್ತವೆ.

ಹೊರಗೆ ಬಂದಾಗ ಮೊದಲು ಕಾಣುವುದು ಬೀಸಣಿಗೆಯಂಥ ಕಿರೀಟ. ಇದರ ಒಂದೊಂದು ಕಡ್ಡಿಗೂ ರೇಡಿಯೋಲ್ ಎನ್ನುತ್ತಾರೆ. ಕಡ್ಡಿಯ ಎರಡೂ ಬದಿಗೆ ಹಕ್ಕಿಗರಿಯ ಹಾಗೆ ಸಣ್ಣ ಎಳೆಗಳಿವೆ. ಉಸಿರಾಟ, ಊಟ ಎರಡೂ ಇದರಿಂದಲೇ. ಎಳೆಗಳ ಮೇಲಿನ ಸೂಕ್ಷ್ಮ ರೋಮಗಳು ನೀರನ್ನು ಒಳಗೆಳೆಯುತ್ತವೆ. ಸಿಕ್ಕ ಕಣಗಳು ಕಡ್ಡಿಯ ನಡುವಿನ ಕಾಲುವೆಯಲ್ಲಿ ಬಾಯಿಯ ಕಡೆ ಹರಿಯುತ್ತವೆ. ಸೆಬೆಲಿಡ್‌ಗಳು ಅಲ್ಲಿ ಜರಡಿ ಹಿಡಿಯುತ್ತವೆ: ಸಣ್ಣ ಕಣ ಊಟಕ್ಕೆ, ಮಧ್ಯಮ ಕಣ ಮನೆ ಕಟ್ಟಲು, ದೊಡ್ಡದು ಹೊರಗೆ. ನಮ್ಮ ಕೇರುವ ಮೊರಕ್ಕೂ ಇದಕ್ಕೂ ಹೆಚ್ಚು ವ್ಯತ್ಯಾಸ ಇಲ್ಲ.

ಈಗ ಕಿರೀಟದ ಪಕ್ಕದಲ್ಲಿ ಬೂಚಿನಂಥದ್ದು ಇದೆಯೇ ನೋಡಿ. ಹುಳು ಒಳಗೆ ಹೋದಾಗ ಬಾಗಿಲು ಮುಚ್ಚುವ ಮುಚ್ಚಳ ಅದು, ಆಪರ್ಕ್ಯುಲಮ್. ಕಿರೀಟದ ಒಂದು ಕಡ್ಡಿಯೇ ಹೀಗೆ ಮಾರ್ಪಟ್ಟಿದೆ. ಹೈಡ್ರಾಯ್ಡಿಸ್ ಎಂಬ ಕುಲದಲ್ಲಿ ಇನ್ನೊಂದು ಬದಿಗೆ ಅರೆಬೆಳೆದ ಬದಲಿ ಮುಚ್ಚಳವೂ ಇರುತ್ತದೆ. ಮೊದಲನೆಯದು ಮುರಿದರೆ ಅದು ಬೆಳೆದು ಜಾಗ ತುಂಬುತ್ತದೆ. ಮುಚ್ಚಳದ ಫೋಟೋವನ್ನು ಮೇಲಿನಿಂದ ಒಂದು, ಪಕ್ಕದಿಂದ ಒಂದು ತೆಗೆಯಿರಿ.

*ಎಚ್ಚರಿಕೆ:* ಬಣ್ಣ ನೋಡಿ ಹೆಸರಿಡಬೇಡಿ. ಒಂದೇ ಬಂಡೆಯ ಒಂದೇ ಪ್ರಭೇದದಲ್ಲಿ ಕಿತ್ತಳೆ, ನೀಲಿ, ಕಂದು, ಬಿಳಿ ಎಲ್ಲವೂ ಸಿಗಬಹುದು. ಆಲ್ಕೊಹಾಲಿಗೆ ಹಾಕಿದ ಮೇಲಂತೂ ಎಲ್ಲ ಪೇಲವ.

ಹಂತ 4: ಮೈ ನೋಡುವುದು

ಎಲ್ಲರಿಗೂ ಈ ಹಂತ ಬೇಡ. ಓದಿಗಾಗಿ ಬೇಕಾದವರು ಮಾತ್ರ ಮಾಡಿ, ಒಂದೆರಡು ಹುಳು ಸಾಕು.

ಚಿಮಟದಿಂದ ತಲೆ ಹಿಡಿದು ಎಳೆಯಬೇಡಿ. ನಾನೂ ಮೊದಲ ಸಲ ಹಾಗೇ ಮಾಡಿ ಬರೀ ಕಿರೀಟವನ್ನು ಕೈಯಲ್ಲಿ ಹಿಡಿದು ನಿಂತಿದ್ದೆ. ಹುಳುವಿನ ಮೈಯ ಎರಡೂ ಬದಿಗೆ ಸಾಲು ಸಾಲು ಸೂಕ್ಷ್ಮ ಕೊಕ್ಕೆಗಳಿವೆ, ಅನ್‌ಸೈನೈ ಎಂದು ಹೆಸರು. ಅವು ಕೊಳವೆಯ ಗೋಡೆಯನ್ನು ಕಚ್ಚಿಕೊಳ್ಳುತ್ತವೆ. ಎಳೆದಷ್ಟೂ ಬಿಗಿ. ಮೊದಲು ಹುಳುವಿಗೆ ಮತ್ತು ಬರಿಸಿ. ಮೆಗ್ನೀಷಿಯಂ ಕ್ಲೋರೈಡನ್ನು ಸಿಹಿನೀರಿನಲ್ಲಿ ಶೇ. 7ರ ಲೆಕ್ಕಕ್ಕೆ ಕರಗಿಸಿ, ಅಷ್ಟೇ ಸಮುದ್ರದ ನೀರಿನ ಜೊತೆ ಬೆರೆಸಿ, ಅದರಲ್ಲಿ ಹುಳುವನ್ನು ಇಡಿ. ಮುಟ್ಟಿದರೂ ಅಲುಗದಿದ್ದಾಗ ಕೊಳವೆಯನ್ನು ಹಿಂದಿನ ತುದಿಯಿಂದ ಚೂರು ಚೂರಾಗಿ ಒಡೆಯುತ್ತಾ ಬನ್ನಿ.

ಹೊರಬಂದ ಮೈಯಲ್ಲಿ ಎರಡು ಭಾಗ ಕಾಣುತ್ತದೆ. ಮುಂದಿನ ಗಿಡ್ಡ ಭಾಗ ಎದೆ, ಹಿಂದಿನ ಉದ್ದ ಭಾಗ ಹೊಟ್ಟೆ. ಎದೆಯ ಬಿರುಗೂದಲಿನ ಉಂಗುರಗಳನ್ನು ಎಣಿಸಿ. ಸುಣ್ಣದ ಕೊಳವೆಯವರಲ್ಲಿ ಸಾಮಾನ್ಯವಾಗಿ 7, ಸೆಬೆಲಿಡ್‌ಗಳಲ್ಲಿ ಸಾಮಾನ್ಯವಾಗಿ 8. ಎದೆಯಲ್ಲಿ ನೀಳ ಬಿರುಗೂದಲು ಬೆನ್ನಿನ ಕಡೆ, ಕೊಕ್ಕೆ ಕೆಳಮೈಯ ಕಡೆ. ಹಿಂದಿನ ಭಾಗಕ್ಕೆ ಬಂದ ಕೂಡಲೇ ಇದು ತಿರುಗುಮುರುಗು. ಎದೆ ಎಲ್ಲಿ ಮುಗಿಯಿತು ಎಂದು ತಿಳಿಯಲು ಇದಕ್ಕಿಂತ ಒಳ್ಳೆ ಗುರುತು ಇಲ್ಲ.

ಗುದ ಇರುವುದು ಮೈಯ ಹಿಂತುದಿಯಲ್ಲಿ, ಕೊಳವೆಯ ತಳದಲ್ಲಿ. ಒಂದೇ ಬಾಗಿಲಿನ ಮನೆ. ಹಾಗಾದರೆ ಕಸ ಹೊರಗೆ ಹೋಗುವುದು ಹೇಗೆ? ಮೈಯುದ್ದಕ್ಕೂ ಒಂದು ಸಣ್ಣ ಚರಂಡಿ ಇದೆ. ರೋಮಗಳು ಮಲವನ್ನು ತಳದಿಂದ ತಲೆಯ ತನಕ ತಳ್ಳಿಕೊಂಡು ಬಂದು ಹೊರಗೆ ಹಾಕುತ್ತವೆ. ಈ ಎರಡೂ ಬಳಗದ ಹೆಚ್ಚಿನ ಹುಳುಗಳ ರಕ್ತದಲ್ಲಿ ಕ್ಲೋರೋಕ್ರೂರಿನ್ ಎಂಬ ಬಣ್ಣದ ಪ್ರೋಟೀನ್ ಇರುವುದರಿಂದ ರಕ್ತ ಹಸಿರಾಗಿ ಕಾಣುತ್ತದೆ. ಪಾಚಿ ತಿಂದಿದೆ ಎಂದು ಬರೆದುಕೊಳ್ಳಬೇಡಿ.

ಹಂತ 5: ಕುಟುಂಬ ಹುಡುಕಿ

ಮೂರು ಪದ ತಿಳಿದಿರಲಿ. ಪ್ರಭೇದ ಎಂದರೆ ಒಂದೇ ಬಗೆಯ ಜೀವಿ. ಹತ್ತಿರದ ಪ್ರಭೇದಗಳು ಸೇರಿ ಕುಲ. ಕುಲಗಳು ಸೇರಿ ಕುಟುಂಬ. ಈಗ ಮೇಲಿನಿಂದ ಕೆಳಗೆ ಬನ್ನಿ, ಹೊಂದಿದಲ್ಲಿ ನಿಲ್ಲಿ.

1. ಸುಣ್ಣದ ಕೊಳವೆ, ಗರಿಕಿರೀಟ: ಸರ್ಪ್ಯುಲಿಡೆ. ಪಚ್ಚಿಲೆ, ಸಿಂಪಿ, ದೋಣಿಯ ತಳ, ಬಂದರಿನ ಕಂಬದ ಮೇಲಿನವು ಹೆಚ್ಚಾಗಿ ಇವೇ. ಮುಚ್ಚಳ ಆಲಿಕೆಯ ಹಾಗಿದ್ದು ಮೇಲೆ ಮುಳ್ಳಿನ ಕಿರೀಟ ಇದ್ದರೆ ಹೈಡ್ರಾಯ್ಡಿಸ್. ಮುಚ್ಚಳದ ಮೇಲೆ ಸುಣ್ಣದ ಬಿಲ್ಲೆ ಇದ್ದರೆ ಸ್ಪೈರೋಬ್ರಾಂಕಸ್ ಕಡೆ ನೋಡಿ. ಹವಳದ ಮೇಲೆ ಜೋಡಿ ಕ್ರಿಸ್‌ಮಸ್ ಮರದ ಹಾಗೆ ಕಾಣುವ ಹುಳು ಇದೇ ಕುಲದ್ದು. ಕಡಲಪಾಚಿಯ ಎಲೆಯ ಮೇಲೆ ಸಾಸಿವೆಯಷ್ಟು ಬಿಳಿ ಸುರುಳಿಗಳಿದ್ದರೆ ಅವು ಇದೇ ಕುಟುಂಬದ ಸ್ಪೈರಾರ್ಬಿಸ್ ಬಳಗ. ಅದು ಬಸವನಹುಳುವಿನ ಮರಿ ಅಲ್ಲ. ಸುರುಳಿ ಎಡಕ್ಕೋ ಬಲಕ್ಕೋ ಎಂದು ಬರೆದುಕೊಳ್ಳಿ, ಮುಂದೆ ಬೇಕಾಗುತ್ತದೆ.
2. ಕೆಸರಿನ ಅಥವಾ ರಬ್ಬರಿನಂಥ ಕೊಳವೆ, ಗರಿಕಿರೀಟ, ಮುಚ್ಚಳ ಇಲ್ಲ: ಸೆಬೆಲಿಡೆ.
3. ಗಟ್ಟಿ ಮರಳಿನ ಕೊಳವೆ ಬಂಡೆಗೆ ಅಂಟಿದೆ, ತಲೆಯ ಮೇಲೆ ಚಿನ್ನದ ಬಣ್ಣದ ಬಿರುಗೂದಲಿನ ಮುಚ್ಚಳ: ಸೆಬೆಲೆರಿಡೆ. ಹಿಂದಿನ ಹೆಸರಿಗೂ ಇದಕ್ಕೂ ಸ್ವಲ್ಪವೇ ಅಂತರ. ಪರೀಕ್ಷೆಯಲ್ಲಿ ಅಂಕ ಹೋಗುವುದು ಇಲ್ಲೇ.
4. ಕೋನ್ ಆಕಾರ, ಒಂದೇ ಪದರ ಮರಳು: ಪೆಕ್ಟಿನೇರಿಡೆ.
5. ತಲೆಯಿಂದ ಶಾವಿಗೆಯಂಥ ಉದ್ದ ಎಳೆಗಳು ನೆಲದ ಮೇಲೆ ಹರಿದಾಡುತ್ತಿವೆ, ಕತ್ತಿನಲ್ಲಿ ಕವಲೊಡೆದ ಕೆಂಪು ಕಿವಿರು: ಟೆರೆಬೆಲಿಡೆ.
6. ಕಾಗದದಂಥ ಕೊಳವೆ, ಮೈ ಮೂರು ಬೇರೆ ಬೇರೆ ಭಾಗ: ಕೀಟಾಪ್ಟೆರಿಡೆ. ಕೀಟಾಪ್ಟೆರಸ್ ಕತ್ತಲಲ್ಲಿ ನೀಲಿ ಬೆಳಕು ಬೀರುತ್ತದೆ.
7. ಕಸ ಅಂಟಿಸಿಕೊಂಡ ನಳಿಗೆ, ಹುಳುವಿಗೆ ದವಡೆ ಇದೆ, ಕಿವಿರು ಬಾಟಲಿ ತೊಳೆಯುವ ಬ್ರಷ್‌ನಂತೆ ಸುರುಳಿ: ಒನುಫಿಡೆ.

*ಎಚ್ಚರಿಕೆ:* ಮುಚ್ಚಳ ಕಾಣಲಿಲ್ಲ ಎಂದು ಸುಣ್ಣದ ಕೊಳವೆಯ ಹುಳುವನ್ನು ಸೆಬೆಲಿಡೆಗೆ ಹಾಕಬೇಡಿ. ಪ್ರೊಟ್ಯುಲಾದಂಥ ಕೆಲವು ಸರ್ಪ್ಯುಲಿಡ್‌ಗಳಿಗೆ ಮುಚ್ಚಳವೇ ಇಲ್ಲ. ಉಲ್ಟಾ ಅಪವಾದವೂ ಉಂಟು. ಗ್ಲೊಮೆರುಲಾ ಎಂಬ ಸೆಬೆಲಿಡ್ ಸುಣ್ಣದ ಕೊಳವೆಯನ್ನೇ ಕಟ್ಟುತ್ತದೆ. ಅದು ಅಪರೂಪ, ನಿಮ್ಮ ಪಚ್ಚಿಲೆಯ ಮೇಲೆ ಸಿಗುತ್ತದೆ ಎಂದು ಕಾಯಬೇಡಿ.

ಹಂತ 6: ಪಠ್ಯಪುಸ್ತಕದ ವರ್ಗೀಕರಣವನ್ನು ಸ್ವಲ್ಪ ತಿದ್ದಿಕೊಳ್ಳಿ

ಇವೆಲ್ಲ ಅನೆಲಿಡ ವಂಶ (ಕುಟುಂಬಕ್ಕಿಂತ ಎಷ್ಟೋ ಮೇಲಿನ ದೊಡ್ಡ ಗುಂಪು), ಅಂದರೆ ಉಂಗುರ ಉಂಗುರ ಮೈಯ ಹುಳುಗಳು. ಅದರಲ್ಲಿ ಪಾಲಿಕೀಟ, ಬಿರುಗೂದಲು ಜಾಸ್ತಿ ಇರುವವು. ಹಳೇ ಪುಸ್ತಕಗಳಲ್ಲಿ ಪಾಲಿಕೀಟಗಳನ್ನು ಅಲೆಮಾರಿಗಳು, ನೆಲೆನಿಂತವು ಎಂದು ಎರಡು ಪಾಲು ಮಾಡಿರುತ್ತಾರೆ. ಹೇಳಲು ಸುಲಭ, ನಂಬಲು ಕಷ್ಟ. ಡಯೊಪಾಟ್ರಾ ಕೊಳವೆ ಕಟ್ಟಿ ಕೂತಿದ್ದರೂ ದವಡೆ, ಮೈಕಟ್ಟಿನ ಪ್ರಕಾರ ಅಲೆಮಾರಿಗಳ ಕಡೆಯದು. ಪೆಕ್ಟಿನೇರಿಯಾ ಮನೆ ಹೊತ್ತು ತಿರುಗಿದರೂ ನೆಲೆನಿಂತವರ ಪಟ್ಟಿಯಲ್ಲಿದೆ. ಕೊಳವೆ ಕಟ್ಟುವುದು ಒಂದು ಕಸುಬು, ಕುಲ ಅಲ್ಲ. ಬೇರೆ ಬೇರೆ ಬಳಗಗಳು ತಮ್ಮಷ್ಟಕ್ಕೆ ಕಲಿತಿವೆ. ಜೀನ್‌ಗಳನ್ನು ಹೋಲಿಸಿದ ಮೇಲೆ ಇನ್ನೊಂದು ಅಚ್ಚರಿ ಬಂತು. ಎರೆಹುಳು, ಜಿಗಣೆ ಬೇರೆ ವರ್ಗ ಅಲ್ಲ, ಪಾಲಿಕೀಟಗಳ ಮರದ ಒಳಗಿನದೇ ಒಂದು ಕೊಂಬೆ.

ಇದಕ್ಕಿಂತ ದೊಡ್ಡ ಪಲ್ಟಿ ಹೊಡೆದದ್ದು ರಿಫ್ಟಿಯಾ. 1977ರಲ್ಲಿ ಗಲಾಪಗೋಸ್ ಹತ್ತಿರ ಸಮುದ್ರದಾಳದ ಬಿಸಿನೀರ ಬುಗ್ಗೆಗಳ ಬಳಿ ಸಿಕ್ಕಿತು. ಆಳೆತ್ತರದ ಬಿಳಿ ಕೊಳವೆ, ಕೆಂಪು ಗರಿ. ಬೆಳೆದ ಹುಳುವಿಗೆ ಬಾಯಿಯೂ ಇಲ್ಲ, ಕರುಳೂ ಇಲ್ಲ. ಮೈಯೊಳಗಿನ ಬ್ಯಾಕ್ಟೀರಿಯಾ ಬುಗ್ಗೆಯ ಗಂಧಕದ ಅನಿಲದಿಂದ ಶಕ್ತಿ ಪಡೆದು ಊಟ ತಯಾರಿಸುತ್ತವೆ. ಇಂಥದ್ದಕ್ಕೆ ಒಂದು ಹೊಸ ವಂಶವನ್ನೇ ಕೊಟ್ಟಿದ್ದರು. ಈಗ ಅದು ಅನೆಲಿಡದ ಒಂದು ಕುಟುಂಬ ಅಷ್ಟೇ, ಸಿಬೋಗ್ಲಿನಿಡೆ. ಹಾಗಾಗಿ ಹಳೇ ನೋಟ್ಸ್‌ನಿಂದ ಬರೆದು ಹಾಕಬೇಡಿ. ಇವತ್ತಿಗೆ ಒಪ್ಪಿರುವ ಹೆಸರನ್ನು ಕಡಲ ಜೀವಿಗಳ ಜಾಗತಿಕ ನೋಂದಣಿ ತಾಣದಲ್ಲಿ ನೋಡಿ. ಅದರ ಚಿಕ್ಕ ಹೆಸರು 'ವರ್ಮ್ಸ್', ನಮ್ಮ ವಿಷಯಕ್ಕೆ ಸರಿಯಾಗಿ ಹೊಂದುತ್ತದೆ.

ಪ್ರಭೇದದ ಹೆಸರಿಗೆ ಕೈ ಹಾಕಬೇಡಿ ಎಂದದ್ದು ಇದಕ್ಕೇ. ನಮ್ಮಲ್ಲಿ ತುಂಬಾ ಜನ ಬಳಸುವ ಕೈಪಿಡಿ ಪಿಯರ್ ಫೋವೆಲ್ ಅವರ 1953ರ ಭಾರತದ ಪಾಲಿಕೀಟ ಪುಸ್ತಕ. ದೊಡ್ಡ ಕೆಲಸ, ಸಂಶಯ ಇಲ್ಲ. ಆದರೆ ಆ ಕಾಲದಲ್ಲಿ ಯುರೋಪಿನ ಪ್ರಭೇದಗಳು ಎಲ್ಲ ಸಮುದ್ರದಲ್ಲೂ ಇವೆ ಎಂದು ನಂಬಿದ್ದರು. ಹಡಗಿನ ತಳಕ್ಕೆ ಅಂಟುವ ಹೈಡ್ರಾಯ್ಡಿಸ್ ಎಲಿಗನ್ಸ್ ಎಷ್ಟೋ ಹಳೇ ಲೇಖನಗಳಲ್ಲಿ ನಾರ್ವೇಜಿಕಾ ಎಂಬ ಹೆಸರಿನಲ್ಲಿ ಕೂತಿದೆ. ಬಂಡೆಗಳ ಮೇಲೆ ನೀಲಿ ಕಿರೀಟದ ಗುಂಪುಹುಳುವಿಗೆ ನಮ್ಮವರು ಪೊಮಾಟೊಲಿಯಾಸ್ ಕ್ರೌಸಿಯೈ ಎಂದು ಬರೆಯುತ್ತಾ ಬಂದರು. ಕ್ರೌಸಿಯೈ ಮೂಲತಃ ದಕ್ಷಿಣ ಆಫ್ರಿಕಾದ್ದು. ಕುಲದ ಹೆಸರು ಈಗ ಸ್ಪೈರೋಬ್ರಾಂಕಸ್ ಆಗಿದೆ, ಆ ಒಂದು ಹೆಸರಿನಡಿ ಹಲವು ಪ್ರಭೇದಗಳು ಅಡಗಿವೆ ಎಂದೂ ಗೊತ್ತಾಗಿದೆ. ಕ್ರಿಸ್‌ಮಸ್ ಮರಹುಳುವಿನ ಫೋಟೋಗೆಲ್ಲ 'ಜೈಜಾಂಟಿಯಸ್' ಎಂದು ಬರೆಯುವುದೂ ಹಾಗೇ. ಅದು ಕೆರಿಬಿಯನ್ ಕಡೆಯ ಹೆಸರು, ಲಕ್ಷದ್ವೀಪದ್ದಲ್ಲ.

"ಸರ್ಪ್ಯುಲಿಡೆ, ಸ್ಪೈರೋಬ್ರಾಂಕಸ್ ಕುಲ, ಪ್ರಭೇದ ಗೊತ್ತಿಲ್ಲ" ಎಂದು ಬರೆಯಿರಿ. ತಪ್ಪು ಹೆಸರಿಗಿಂತ ಇದಕ್ಕೆ ಬೆಲೆ ಜಾಸ್ತಿ.

ಹಂತ 7: ಇಟ್ಟುಕೊಳ್ಳುವುದು, ಕಳಿಸುವುದು

ಮೈಕಟ್ಟು ನೋಡುವ ಮಾದರಿಯನ್ನು ಸಮುದ್ರದ ನೀರಿನಲ್ಲಿ ಬೆರೆಸಿದ ಶೇ. 10ರ ಫಾರ್ಮಲಿನ್‌ನಲ್ಲಿ ಒಂದೆರಡು ದಿನ ಇಟ್ಟು, ತೊಳೆದು, ಶೇ. 70ರ ಆಲ್ಕೊಹಾಲಿಗೆ ಹಾಕಿ. ಇದನ್ನು ಮನೆಯಲ್ಲಿ ಮಾಡಬೇಡಿ. ಪ್ರಯೋಗಾಲಯದಲ್ಲಿ, ಕೈಗವಸು ಹಾಕಿಕೊಂಡು, ಗಾಳಿಯಾಡುವಲ್ಲಿ ಮಾಡಿ. ಫಾರ್ಮಲಿನ್ ನಿಧಾನಕ್ಕೆ ಹುಳಿಯಾಗುತ್ತದೆ. ಬೊರಾಕ್ಸ್ ಸೇರಿಸದಿದ್ದರೆ ಸುಣ್ಣದ ಕೊಳವೆ, ಸುಣ್ಣದ ಮುಚ್ಚಳ ಎಲ್ಲ ಕರಗಿ ಮಾದರಿ ಗುರುತು ಸಿಗದಂತಾಗುತ್ತದೆ. ಜೀನ್ ಪರೀಕ್ಷೆಗೆ ಬೇಕಾದ ಹುಳುವನ್ನು ಫಾರ್ಮಲಿನ್‌ಗೆ ಹಾಕಲೇಬೇಡಿ. ನೇರ ಶೇ. 95ರ ಆಲ್ಕೊಹಾಲ್.

ಯಾರಿಗಾದರೂ ತೋರಿಸಿ ಕೇಳುವುದಾದರೆ, ಕಾರವಾರದ ಕೋಡಿಬಾಗದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಕಡಲ ಜೀವವಿಜ್ಞಾನ ವಿಭಾಗ ಇದೆ. ಎಲ್ಲಿಗೆ ಕಳಿಸಿದರೂ ಬರೀ ಒಂದು ಮಸುಕು ಫೋಟೋ ಕಳಿಸಬೇಡಿ. ಇಡೀ ಗುಂಪಿನದು ಒಂದು, ಕೊಳವೆಯ ಬಾಯಿಯದು ಒಂದು, ತೆರೆದ ಕಿರೀಟದ್ದು ಒಂದು, ಮುಚ್ಚಳದ್ದು ಎರಡು. ಪಕ್ಕದಲ್ಲಿ ಅಳತೆಪಟ್ಟಿ ಇರಲಿ. ಜೊತೆಗೆ ಜಾಗ, ದಿನ, ಎಷ್ಟು ಆಳ, ಯಾವುದಕ್ಕೆ ಅಂಟಿತ್ತು, ನೀರು ಉಪ್ಪೋ ಅಳಿವೆಯ ಸವಳೋ ಎಂದು ಬರೆಯಿರಿ. ಅಳಿವೆಯಲ್ಲಿ ಸಿಗುವ ಕುಲಗಳೇ ಬೇರೆ ಇವೆ, ಆ ಒಂದು ಪದ ಎಷ್ಟೋ ಕೆಲಸ ಉಳಿಸುತ್ತದೆ.

ಚೀಟಿಯನ್ನು ಪೆನ್ಸಿಲ್ಲಿನಲ್ಲಿ ಬರೆದು ಬಾಟಲಿಯ ಒಳಗೇ ಹಾಕಿ. ಬಾಲ್‌ಪೆನ್ ಶಾಯಿ ಆಲ್ಕೊಹಾಲಿನಲ್ಲಿ ಕರಗುತ್ತದೆ, ಹೊರಗೆ ಅಂಟಿಸಿದ ಚೀಟಿ ಮಳೆಗಾಲದಲ್ಲಿ ಉದುರುತ್ತದೆ.